ಮಂಗಳೂರು–ಕಾರವಾರ ಕಡಲ ದಾರಿ: ಇಬ್ಬರು, ನಾಲ್ಕು ದಿನ, ಹತ್ತು ಸಾವಿರ ರೂಪಾಯಿ ಸಾಕಾ?

ರಾಜಾಜಿನಗರ ರೈಡರ್
ಡಿಸೆಂಬರ್ ಮೊದಲ ವಾರ, ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ. ಇಬ್ಬರು, ಒಂದು 150 ಸಿಸಿ ಬೈಕು. ಹೊರಡುವುದು ಬೆಂಗಳೂರಿನಿಂದ. ಮಂಗಳೂರಿನಿಂದ ಕಾರವಾರದವರೆಗೆ ಸಮುದ್ರದ ಪಕ್ಕದಲ್ಲೇ ಹೋಗಬೇಕು. ಎಲ್ಲಾ ಸೇರಿ ಹತ್ತು ಸಾವಿರ ದಾಟಬಾರದು. ಆಗುತ್ತದೆಯೇ? ಯಾವ ದಾರಿ, ಎಲ್ಲಿ ಉಳಿಯುವುದು, ಏನು ಬಿಡುವುದು, ದಯವಿಟ್ಟು ತಿಳಿಸಿ.

ಪಡುಗಾಳಿ
ಆಗುತ್ತದೆ. ಆದರೆ ಮೊದಲೇ ಒಂದು ಮಾತು ತಿಳಿದಿರಲಿ: ರಾಷ್ಟ್ರೀಯ ಹೆದ್ದಾರಿ 66 ಉದ್ದಕ್ಕೂ ಕಡಲು ಕಾಣುವ ರಸ್ತೆ ಅಲ್ಲ. ಮಂಗಳೂರಿನಿಂದ ಕಾರವಾರಕ್ಕೆ 270 ಕಿಮೀ ಆಸುಪಾಸು. ಅಷ್ಟರಲ್ಲಿ ಹೆದ್ದಾರಿಯ ಮೇಲೆ ಕುಳಿತೇ ಸಮುದ್ರ ಚೆನ್ನಾಗಿ ಕಾಣುವುದು ಮುಖ್ಯವಾಗಿ ತ್ರಾಸಿ–ಮರವಂತೆಯಲ್ಲಿ, ಆಮೇಲೆ ಕಾರವಾರದ ಹತ್ತಿರ ಹತ್ತಿರ. ಉಳಿದದ್ದು ನಾಲ್ಕು ಲೇನ್, ಫ್ಲೈಓವರ್, ಸರ್ವಿಸ್ ರಸ್ತೆ. ಕಡಲು ಬೇಕಿದ್ದರೆ ಹೆದ್ದಾರಿ ಬಿಟ್ಟು ಒಳಗೆ ಇಳಿಯಬೇಕು. ಹಾಗೆ ಇಳಿಯಲೇಬೇಕಾದ ತುಂಡುಗಳು ಇವು.

ಒಂದು, ಕಾಪು–ಮಟ್ಟು–ಪಡುಕೆರೆ–ಮಲ್ಪೆ. ಕಾಪು ದೀಪಸ್ತಂಭದ (1901ರದು) ಬುಡದಿಂದ ಉತ್ತರಕ್ಕೆ ಮೀನುಗಾರಿಕಾ ರಸ್ತೆ ಹೋಗುತ್ತದೆ, ಹದಿನೈದು ಕಿಮೀ ಹತ್ತಿರ. ಎಡಕ್ಕೆ ಕಡಲು. ಮಟ್ಟುವಿನಿಂದಾಚೆ ಬಲಕ್ಕೆ ಹೊಳೆಯೂ ಜೊತೆಗೆ ಬರುತ್ತದೆ. ಪಡುಕೆರೆ ಸೇತುವೆ ದಾಟಿದರೆ ಮಲ್ಪೆ ಬಂದರು. ಮರವಂತೆಯ ಹೆಸರು ಎಲ್ಲರಿಗೂ ಗೊತ್ತು. ನನ್ನ ಲೆಕ್ಕದಲ್ಲಿ ಇಡೀ ಕರಾವಳಿಯ ಒಳ್ಳೆಯ ರಸ್ತೆ ಇದು. ಟೋಲ್ ಇಲ್ಲ, ಲಾರಿ ಇಲ್ಲ.

ಎರಡು, ಮಲ್ಪೆ–ಹೂಡೆ–ಕೋಡಿಬೆಂಗ್ರೆ. ಸ್ವರ್ಣಾ, ಸೀತಾ ಕಡಲಿಗೆ ಸೇರುವ ಅಳಿವೆ ಬಾಗಿಲಿನವರೆಗೆ ಮರಳು ದಿಬ್ಬದ ಮೇಲೆ ರಸ್ತೆ. ತುದಿಯಲ್ಲಿ ರಸ್ತೆ ಮುಗಿಯುತ್ತದೆ, ಬಂದ ದಾರಿಯಲ್ಲೇ ವಾಪಸ್ ಬರಬೇಕು. ನಕ್ಷೆಯಲ್ಲಿ ಎದುರು ದಡ ಕೈಗೆ ಎಟಕುವಂತೆ ಕಾಣುತ್ತದೆ ಎಂದು ಮುಂದಿನ ಊರಿನ ಲೆಕ್ಕ ಹಾಕಬೇಡಿ.

ಮೂರು, ಕೋಟೇಶ್ವರದ ಬೀಜಾಡಿಯಿಂದ ಕುಂದಾಪುರ ಕೋಡಿ. ಎದುರಿಗೆ ಗಂಗೊಳ್ಳಿ, ನಡುವೆ ಪಂಚಗಂಗಾವಳಿಯ ಅಳಿವೆ.

ನಾಲ್ಕು, ಕುಮಟಾ–ಬಾಡ–ಕಾಗಾಲ–ಅಘನಾಶಿನಿ. ಇದನ್ನು ಆ ಕಡೆಯವರೇ ಹೇಳಲಿ.

ತ್ರಾಸಿ ತಿರುವು
ಪಡುಗಾಳಿ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ದಕ್ಷಿಣದಿಂದ ಉತ್ತರಕ್ಕೇ ಹೋಗಿ. ನಮ್ಮಲ್ಲಿ ಗಾಡಿ ಎಡಬದಿಯಲ್ಲಿ ಓಡುವುದು, ಉತ್ತರಕ್ಕೆ ಮುಖ ಮಾಡಿದರೆ ಕಡಲೂ ಎಡಕ್ಕೇ ಬರುವುದು. ನಿಲ್ಲಿಸಬೇಕು ಅನಿಸಿದಲ್ಲಿ ಡಿವೈಡರ್ ದಾಟುವ ಗೋಜಿಲ್ಲ. ಕಾರವಾರದಿಂದ ಕೆಳಗೆ ಬಂದರೆ ಮರವಂತೆಯಲ್ಲಿ ಕಡಲ ಬದಿಗೆ ಹೋಗಲು ಮುಂದೆ ಯೂಟರ್ನ್ ಹುಡುಕಬೇಕು, ಇಲ್ಲವೇ ಗಾಡಿ ಹೊಳೆ ಬದಿಯಲ್ಲಿಟ್ಟು ಎರಡು ರಸ್ತೆ ದಾಟಿ ಓಡಬೇಕು. ಅಲ್ಲಿ ಲಾರಿಗಳು 80ರಲ್ಲಿ ಬರುತ್ತವೆ. ಮಕ್ಕಳಿದ್ದವರು ಇದನ್ನು ಗಟ್ಟಿಯಾಗಿ ನೆನಪಿಡಿ.

ಮರವಂತೆಯಲ್ಲಿ ನೀರಿಗೆ ಇಳಿಯಬೇಡಿ. ಕಡಲ್ಕೊರೆತಕ್ಕೆ ಹಾಕಿದ ಕಲ್ಲುಗಳು ಪಾಚಿ ಹಿಡಿದಿರುತ್ತವೆ. ದಡ ಥಟ್ಟನೆ ಆಳಕ್ಕೆ ಇಳಿಯುತ್ತದೆ, ಸೆಳೆತ ಜೋರು. ನೋಡುವುದಕ್ಕೆ ಬೆಳಿಗ್ಗೆ 7ರೊಳಗೆ ಅಥವಾ ಸಂಜೆ 5ರ ಮೇಲೆ ಬನ್ನಿ. ಬೆಳಿಗ್ಗೆ ಸೌಪರ್ಣಿಕೆಯ ಆಚೆ ಕೊಡಚಾದ್ರಿ ಸಾಲಿನ ಹಿಂದಿನಿಂದ ಬೆಳಕು ಬರುತ್ತದೆ, ಸಂಜೆ ಕಡಲ ಬದಿ. ಮಧ್ಯಾಹ್ನ 12ಕ್ಕೆ ಬಂದವರಿಗೆ ಸಿಗುವುದು ಬಿಸಿಲು ಮಾತ್ರ.

ಸಂಜೆಗೆ ಇನ್ನೂ ಒಳ್ಳೆಯದು ಬೈಂದೂರಿನ ಒತ್ತಿನೆಣೆ. ಗುಡ್ಡದ ಮೇಲಿನಿಂದ ಕಡಲೂ ಸೋಮೇಶ್ವರದ ದಡವೂ ಒಟ್ಟಿಗೆ ಕಾಣುತ್ತವೆ. ಮರವಂತೆಯಿಂದ 20 ಕಿಮೀ ಒಳಗೆ.

ಲೆಕ್ಕದ ಪುಸ್ತಕ
ದಾರಿ ಚೆನ್ನಾಗಿದೆ, ಈಗ ದುಡ್ಡು ನೋಡೋಣ. ಬೆಂಗಳೂರಿನಿಂದ ಸ್ವಂತ ಬೈಕಿನಲ್ಲಿ: ಮಂಗಳೂರಿಗೆ 350, ಅಲ್ಲಿಂದ ಕಾರವಾರಕ್ಕೆ 270, ಕಾರವಾರದಿಂದ ಬೆಂಗಳೂರಿಗೆ 530ರ ಹತ್ತಿರ, ಒಳದಾರಿಗಳಿಗೆ 100. ಒಟ್ಟು 1,250 ಕಿಮೀ. ಲೀಟರಿಗೆ 45 ಕಿಮೀ ಹಿಡಿದರೆ 28 ಲೀಟರ್, ಲೀಟರಿಗೆ 103 ರೂ. ಎಂದರೆ 2,880 ರೂ. ಬೈಕಿಗೆ ಹೆದ್ದಾರಿ ಟೋಲ್ ಇಲ್ಲ. ಹಣದ ದೃಷ್ಟಿಯಿಂದ ಅಗ್ಗವೇ. ಆದರೆ ನಾಲ್ಕರಲ್ಲಿ ಎರಡು ದಿನ ಹಾಸನ, ಹಾವೇರಿ ನೋಡುವುದರಲ್ಲೇ ಹೋಗುತ್ತದೆ. ಹಿಂದೆ ಕುಳಿತವರ ಬೆನ್ನು ಮೂರನೇ ದಿನ ಕೈಕೊಡುತ್ತದೆ.

ನಾನು ಸೂಚಿಸುವುದು: ಬೈಕು ಮನೆಯಲ್ಲಿರಲಿ. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಬೆಳಗಿನ ಜಾವಕ್ಕೆ ಉಡುಪಿ ತಲುಪುತ್ತದೆ. ಅದು ಪಡೀಲ್ ಬೈಪಾಸಿನಲ್ಲಿ ಹೋಗುವುದರಿಂದ ಮಂಗಳೂರು ಸೆಂಟ್ರಲ್‌ಗೆ ಬರುವುದಿಲ್ಲ, ಉಡುಪಿಗೇ ಟಿಕೆಟ್ ಮಾಡಿ. ಬುಧವಾರ ಸಂಜೆ ಹತ್ತಿದರೆ ಗುರುವಾರ ಪೂರ್ತಿ ಕೈಯಲ್ಲಿ. ಎರಡು ಠಾಣೆ ಇಟ್ಟುಕೊಳ್ಳಿ: ಉಡುಪಿಯಲ್ಲಿ ಎರಡು ರಾತ್ರಿ, ಗೋಕರ್ಣದಲ್ಲಿ ಒಂದು. ಎರಡು ಕಡೆ ಬೇರೆ ಬೇರೆ ಬಾಡಿಗೆ ಸ್ಕೂಟರ್, ನಡುವೆ ಕೊಂಕಣ ರೈಲು. ಬಾಡಿಗೆ ಗಾಡಿಯನ್ನು ತಂದಲ್ಲಿಗೇ ಒಪ್ಪಿಸಬೇಕಾದ್ದರಿಂದ ಉಡುಪಿಯ ಸ್ಕೂಟರನ್ನು ಗೋಕರ್ಣದಲ್ಲಿ ಬಿಟ್ಟುಬರಲು ಆಗುವುದಿಲ್ಲ.

ಇಬ್ಬರ ಲೆಕ್ಕ, ನಾನು ಇಟ್ಟುಕೊಳ್ಳುವ ಅಂದಾಜಿನಲ್ಲಿ:
ರೈಲು, ಸ್ಲೀಪರ್, ಹೋಗಿಬರಲು 450 × 4 = 1,800
ಉಡುಪಿಯಿಂದ ಗೋಕರ್ಣ ರೋಡ್, ಪ್ಯಾಸೆಂಜರ್ = 200
ಉಡುಪಿ ಸ್ಕೂಟರ್ 2 ದಿನ = 1,000
ಗೋಕರ್ಣ ಸ್ಕೂಟರ್ 1 ದಿನ = 600
ಪೆಟ್ರೋಲ್, 310 ಕಿಮೀಗೆ 7 ಲೀಟರ್ = 750
ಗೋಕರ್ಣ ರೋಡ್ ಸ್ಟೇಷನ್ನಿನಿಂದ ಊರಿಗೆ ಆಟೋ, ಎರಡು ಸಲ = 600
ರೂಮು 1,000 × 3 = 3,000
ಊಟ ತಿಂಡಿ, ತಲೆಗೆ ದಿನಕ್ಕೆ 300 = 2,400; ಎರಡು ಮಧ್ಯಾಹ್ನ ದೇವಸ್ಥಾನದ ಪ್ರಸಾದ ಊಟವಾದರೆ 400 ಕಳೆಯಿರಿ
ಆ 400 ಕಳೆದು ಒಟ್ಟು 9,950.

ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಭಾನುವಾರ ಸಂಜೆ ಗೋಕರ್ಣ ರೋಡ್‌ನಿಂದ ಬೆಂಗಳೂರಿಗೆ ಸೀಟು ಮೊದಲು ತುಂಬುತ್ತದೆ, ಆದ್ದರಿಂದ ಬರುವ ಟಿಕೆಟ್ ಮೊದಲು ತೆಗೆಯಿರಿ, ಹೋಗುವುದು ಆಮೇಲೆ.

ಸ್ಟೆಪ್ನಿ
ಬಾಡಿಗೆ ಗಾಡಿ ಎಂದಾಕ್ಷಣ ನಂಬರ್ ಪ್ಲೇಟ್ ನೋಡಿ. ಸ್ವತಃ ಓಡಿಸಲು ಬಾಡಿಗೆಗೆ ಕೊಡುವ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಪ್ಲೇಟಿನ ಗಾಡಿ ನೂರು ರೂಪಾಯಿ ಕಡಿಮೆಗೆ ಸಿಕ್ಕರೂ ಬೇಡ. ಅಪಘಾತವಾದರೆ ಖಾಸಗಿ ವಿಮೆ ಬಾಡಿಗೆ ಬಳಕೆಗೆ ಸಿಗುವುದಿಲ್ಲ, ಪೊಲೀಸರು ಹಿಡಿದರೆ ಗಾಡಿ ಠಾಣೆಯಲ್ಲಿ, ನೀವು ರಸ್ತೆಯಲ್ಲಿ.

ಗಾಡಿ ತೆಗೆದುಕೊಳ್ಳುವಾಗ ಸುತ್ತಲೂ ವಿಡಿಯೊ ಮಾಡಿ. ಮೀಟರ್, ಪೆಟ್ರೋಲ್ ಮುಳ್ಳು, ಸೈಲೆನ್ಸರ್ ಕೆಳಗಿನ ಗೀರು ಎಲ್ಲಾ ಬರಲಿ. ಹಿಂದಿನ ಚಕ್ರದ ಗಾಳಿ ಮೊದಲ ಬಂಕಿನಲ್ಲೇ ನೋಡಿ. ಇಬ್ಬರು ಕೂರುವಾಗ ಎಷ್ಟಿರಬೇಕು ಎಂದು ಗಾಡಿಯ ಮೇಲಿನ ಚೀಟಿಯಲ್ಲೋ ಪುಸ್ತಕದಲ್ಲೋ ಇರುತ್ತದೆ, ಒಬ್ಬರ ಲೆಕ್ಕಕ್ಕಿಂತ ಅದು ಜಾಸ್ತಿ. ಕಡಿಮೆ ಗಾಳಿಯಲ್ಲಿ ಇಬ್ಬರು ಕುಳಿತು 150 ಕಿಮೀ ಓಡಿಸಿದರೆ ಟೈರಿನ ಪಕ್ಕ ಬಿಸಿಯಾಗಿ ಸೀಳುತ್ತದೆ, ಮೈಲೇಜೂ ಬೀಳುತ್ತದೆ.

ಕರಾವಳಿಯಲ್ಲಿ ಬೈಕು ಜಾರುವುದಕ್ಕೆ ಮಳೆಯಷ್ಟೇ ದೊಡ್ಡ ಕಾರಣ ಮೀನಿನ ಲಾರಿಯಿಂದ ಸೋರುವ ನೀರು. ಅದರಲ್ಲಿ ಎಣ್ಣೆಯಂಶ ಇರುತ್ತದೆ. ಮಲ್ಪೆ, ಗಂಗೊಳ್ಳಿ, ತದಡಿ ಬಂದರಿನ ರಸ್ತೆಗಳಲ್ಲಿ ಬೆಳಿಗ್ಗೆ ತಿರುವುಗಳಲ್ಲಿ ನಿಧಾನ. ಮೀನಿನ ಲಾರಿಯ ಬೆನ್ನಿಗೆ ಹತ್ತಿರ ಹೋಗಬೇಡಿ.

ಮರಳಿನ ಮೇಲೆ ಸೈಡ್ ಸ್ಟ್ಯಾಂಡ್ ಹಾಕಿದರೆ ಹತ್ತು ನಿಮಿಷದಲ್ಲಿ ಇಳಿದು ಗಾಡಿ ಮಲಗುತ್ತದೆ. ಚಪ್ಪಟೆ ಕಲ್ಲೋ ಒಣ ಮಡಲಿನ (ತೆಂಗಿನ ಗರಿಯ) ತುಂಡೋ ಸ್ಟ್ಯಾಂಡಿನ ಅಡಿಗೆ ಇಡಿ.

ಕಾರಿನವ
ನಾಲ್ವರಾದರೆ ಕಾರೇ ಲಾಭ ಅಲ್ಲವೇ? ಟೋಲ್ ಎಷ್ಟು ಕಡೆ? ಸುರತ್ಕಲ್ಲಿನಿಂದ ಶುರುವಾಗುತ್ತದೆ ಎಂದು ಕೇಳಿದ್ದೇನೆ. ಮತ್ತೆ ಯಾವ ಬೀಚಿನಲ್ಲಿ ಕಾರು ಮರಳಿಗೆ ಇಳಿಸಬಹುದು?

ಲೆಕ್ಕದ ಪುಸ್ತಕ
ಸುರತ್ಕಲ್ ಟೋಲ್ ಈಗ ಇಲ್ಲ, 2022ರ ಡಿಸೆಂಬರ್ 1ರಿಂದ ವಸೂಲಿ ನಿಂತಿದೆ. ಮಂಗಳೂರಿನಿಂದ ಉತ್ತರಕ್ಕೆ ಸಿಗುವುದು ಹೆಜಮಾಡಿ, ಸಾಸ್ತಾನದ ಗುಂಡ್ಮಿ, ಬೈಂದೂರಿನ ಶಿರೂರು, ಕುಮಟಾದ ಹೊಳೆಗದ್ದೆ, ಅಂಕೋಲಾದ ಹಟ್ಟಿಕೇರಿ. ಕೇರಳದ ಕಡೆಯಿಂದ ಬರುವವರಿಗೆ ತಲಪಾಡಿ ಒಂದು ಜಾಸ್ತಿ. ಅದೇ ಟೋಲಿಗೆ 24 ಗಂಟೆಯೊಳಗೆ ವಾಪಸ್ ಬರುವವರಿಗೆ ಹೋಗಿಬರುವುದು ಒಂದೂವರೆ ಪಟ್ಟಿನಲ್ಲಿ ಮುಗಿಯುತ್ತದೆ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದ ವಾರ್ಷಿಕ ಪಾಸ್ ಒಂದು ವರ್ಷ ಅಥವಾ 200 ದಾಟುವಿಕೆಗೆ. ಈ ಪ್ರವಾಸ ಒಂದಕ್ಕೇ ಅದನ್ನು ಕೊಂಡರೆ ನಷ್ಟ. ವರ್ಷವಿಡೀ ಊರಿಗೆ ಓಡಾಡುವವರಿಗೆ ಲಾಭ. ಫಾಸ್ಟ್ಯಾಗ್‌ನಲ್ಲಿ ಹಣ ಮುಗಿದಿದ್ದರೆ ನಗದು ಕೊಡಬೇಡಿ, ಎರಡು ಪಟ್ಟು ಆಗುತ್ತದೆ. 2025ರ ನವೆಂಬರ್ 15ರಿಂದ ಯುಪಿಐ ಕೊಟ್ಟರೆ 1.25 ಪಟ್ಟು.

ನಾಲ್ವರಿದ್ದರೆ ಕಾರು ಸರಿ. ಮೂವರಿಗೆ ಹೆಚ್ಚುಕಡಿಮೆ ಸಮ. ಇಬ್ಬರಿಗೆ ಬೇಡ.

ಸ್ಟೆಪ್ನಿ
ಕಾರು ಮರಳಿಗೆ ಯಾವ ಬೀಚಿನಲ್ಲೂ ಇಳಿಸಬೇಡಿ. ಪೊಲೀಸರು ದಂಡ ಹಾಕುತ್ತಾರೆ, ಅದು ಒಂದು. ಉಪ್ಪುನೀರು ಕಾರಿನ ಅಡಿಗೆ ಹೊಕ್ಕರೆ ಬ್ರೇಕ್ ಪೈಪು, ಸೈಲೆನ್ಸರ್ ಕ್ಲಾಂಪು ತುಕ್ಕು ಹಿಡಿಯಲು ಶುರು, ಅದು ಇನ್ನೊಂದು. ದಡದ ಬಳಿ ತಿರುಗಿಸುವಾಗ ಅಕಸ್ಮಾತ್ ಸಿಕ್ಕಿಕೊಂಡರೆ ಆಕ್ಸಿಲರೇಟರ್ ಒತ್ತಬೇಡಿ. ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡುತ್ತದೆ. ಎಂಜಿನ್ ಆಫ್ ಮಾಡಿ, ಚಕ್ರದ ಹಿಂದಿನ ಮರಳು ಕೈಯಲ್ಲಿ ತೆಗೆಯಿರಿ, ಎಂಜಿನ್ ತಿರುಗಿಸುವ ಚಕ್ರಗಳ ಗಾಳಿಯನ್ನು 18 ಪಿಎಸ್‌ಐವರೆಗೆ ಇಳಿಸಿ, ತೆಂಗಿನ ಮಡಲನ್ನು ಅಡ್ಡಡ್ಡ ಹಾಸಿ, ಸ್ಟೇರಿಂಗ್ ನೇರ ಇಟ್ಟು ಬಂದ ಜಾಡಿನಲ್ಲೇ ಹಿಂದಕ್ಕೆ ಬನ್ನಿ. ಹೊರಬಂದ ಮೇಲೆ ಹತ್ತಿರದ ಬಂಕಿನವರೆಗೆ 30 ಕಿಮೀ ವೇಗ ದಾಟಬೇಡಿ, ಮೊದಲು ಗಾಳಿ ತುಂಬಿಸಿ. ಮನೆಗೆ ಬಂದ ಮೇಲೆ ಬೈಕಾಗಲಿ ಕಾರಾಗಲಿ ಸಿಹಿನೀರಲ್ಲಿ ಅಡಿ ತೊಳೆಸಿ, ಬೈಕಿಗೆ ಚೈನ್ ಲೂಬ್.

ಅಘನಾಶಿನಿ ದಡ
ಉತ್ತರ ಕನ್ನಡದ ಭಾಗ ನಾನು ಹೇಳುತ್ತೇನೆ. ಗೋಕರ್ಣದ ಸ್ಕೂಟರ್ ದಿನವನ್ನು ವರ್ತುಲವಾಗಿ ಮಾಡಿ. ಬೆಳಿಗ್ಗೆ ಗೋಕರ್ಣದಿಂದ ಮಾದನಗೇರಿ ಮೇಲೆ ಹೆದ್ದಾರಿಗೆ, ದಕ್ಷಿಣಕ್ಕೆ ತಿರುಗಿ ಮಿರ್ಜಾನ ಕೋಟೆ. ಹೆದ್ದಾರಿಯಿಂದ ಅರ್ಧ ಕಿಮೀ ಅಷ್ಟೇ. ಅಲ್ಲಿಂದ ಕುಮಟಾ 11 ಕಿಮೀ, ತಿಂಡಿ ಅಲ್ಲೇ. ಆಮೇಲೆ ಹೆದ್ದಾರಿ ಬಿಟ್ಟು ಬಾಡ, ಕಾಗಾಲ ದಾಟಿ ಅಘನಾಶಿನಿ ಊರು. ಅಲ್ಲಿ ಜೆಟ್ಟಿಯಿಂದ ತದಡಿಗೆ ದೋಣಿ ಇದೆ, ಜನರ ಜೊತೆ ದ್ವಿಚಕ್ರ ವಾಹನವನ್ನೂ ದಾಟಿಸುತ್ತಾರೆ. ತದಡಿಯಿಂದ ಗೋಕರ್ಣ ಹತ್ತಿರ. ಕುಮಟಾದಿಂದ ಹೆದ್ದಾರಿಯಲ್ಲೇ ವಾಪಸ್ ಬಂದಿದ್ದರೆ 30 ಕಿಮೀ.

ದೋಣಿಗೆ ಮೂರು ಎಚ್ಚರಿಕೆ. ಒಂದು, ಕೊನೆಯ ದೋಣಿ ಎಷ್ಟಕ್ಕೆ ಎಂದು ಕುಮಟಾದಲ್ಲೇ ಕೇಳಿಕೊಂಡು ಹೊರಡಿ. ತಪ್ಪಿದರೆ ಪೂರ್ತಿ ಸುತ್ತು. ಎರಡು, ಸ್ಕೂಟರ್ ಹತ್ತಿಸುವಾಗ ಒಬ್ಬರು ಹ್ಯಾಂಡಲ್, ಒಬ್ಬರು ಹಿಂಬದಿ ಹಿಡಿಯಿರಿ, ಎಂಜಿನ್ ಆಫ್ ಇರಲಿ, ದೋಣಿಯಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ಹಿಡಿದೇ ನಿಲ್ಲಿ. ಮೂರು, ಚಿಲ್ಲರೆ ಇಟ್ಟುಕೊಳ್ಳಿ.

ಅಘನಾಶಿನಿ ಹೊಳೆಗೆ ಇಂದಿಗೂ ಅಣೆಕಟ್ಟಿಲ್ಲ. ಹಾಗಾಗಿ ಅಳಿವೆಯಲ್ಲಿ ಉಪ್ಪು–ಸಿಹಿ ನೀರಿನ ಹದ ಉಳಿದಿದೆ, ಬೆಳಚು (ಚಿಪ್ಪುಮೀನು) ಸಿಗುತ್ತದೆ, ಗಜನಿಯಲ್ಲಿ (ಅಳಿವೆ ಪಕ್ಕದ ತಗ್ಗು ಗದ್ದೆಗಳಲ್ಲಿ) ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. ಇಳಿತದ ಹೊತ್ತಿಗೆ ಹೋದರೆ ಮೊಣಕಾಲು ನೀರಿನಲ್ಲಿ ಬೆಳಚು ಹೆಕ್ಕುವವರು ಕಾಣುತ್ತಾರೆ. ದಯವಿಟ್ಟು ಅವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ, ಕೇಳಿ ತೆಗೆಯಿರಿ.

ಗೋಕರ್ಣದಲ್ಲಿ ಮೊದಲ ದಿನ ಗಾಡಿ ಬೇಡವೇ ಬೇಡ. ಊರಿನಿಂದ ಕುಡ್ಲೆ, ಓಂ, ಹಾಫ್‌ಮೂನ್, ಪ್ಯಾರಡೈಸ್ ಸಾಲಾಗಿ ನಡೆದೇ ನೋಡಬೇಕಾದವು. ಓಂ ಬೀಚಿನಿಂದಾಚೆ ಕಲ್ಲುದಾರಿ, ಚಪ್ಪಲಿ ಸಾಲದು. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ಕತ್ತಲಾಗುವ ಒಂದು ಗಂಟೆ ಮೊದಲೇ ಓಂ ಬೀಚಿಗೆ ವಾಪಸ್ ಬಂದಿರಬೇಕು.

ಬಸ್ ಪಾಸ್
ಗಾಡಿ ಓಡಿಸಲು ಬರದವರಿಗೂ ಈ ದಾರಿ ಇದೆ, ಇನ್ನೂ ಅಗ್ಗಕ್ಕೆ. ಮಂಗಳೂರು–ಉಡುಪಿ–ಕುಂದಾಪುರ ಖಾಸಗಿ ಬಸ್ಸುಗಳ ರಾಜ್ಯ, ಕಾಯಬೇಕಾಗಿಲ್ಲ. ಎಕ್ಸ್‌ಪ್ರೆಸ್ ಹತ್ತಿದರೆ ಸಣ್ಣ ಊರಲ್ಲಿ ನಿಲ್ಲುವುದಿಲ್ಲ, ಮರವಂತೆಯಂಥ ಜಾಗಕ್ಕೆ ಲೋಕಲ್ ಬಸ್ಸೇ ಸರಿ. ಭಟ್ಕಳದಿಂದ ಉತ್ತರಕ್ಕೆ ಸರ್ಕಾರಿ ಬಸ್ಸು ಹೆಚ್ಚು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆಯಲ್ಲಿ ಟಿಕೆಟ್ ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು, ಖಾಸಗಿ ಬಸ್ಸಿಗೂ ರಾಜಹಂಸ, ಸ್ಲೀಪರ್‌ಗಳಿಗೂ ಅನ್ವಯಿಸದು.

ಮಂಗಳೂರು ಸೆಂಟ್ರಲ್–ಮಡಗಾಂವ್ ಪ್ಯಾಸೆಂಜರ್ ರೈಲಂತೂ ಬಡವರ ಬಂಧು. ಹತ್ತುವುದು ಸುಲಭ, ಹೊಳೆಗಳನ್ನೆಲ್ಲ ದಾಟಿಕೊಂಡು ಹೋಗುತ್ತದೆ. ಹೊನ್ನಾವರದ ಬಳಿ ಶರಾವತಿ ಸೇತುವೆ ಬರುವಾಗ ಎಡಬದಿಯ ಕಿಟಕಿಯಲ್ಲಿರಿ.

ರಾಜಾಜಿನಗರ ರೈಡರ್
ತುಂಬಾ ಉಪಕಾರ. ಉಡುಪಿಯ ಎರಡನೇ ದಿನ ಸ್ಕೂಟರಿನಲ್ಲಿ ಮುರ್ಡೇಶ್ವರದವರೆಗೆ ಹೋಗಿ ಉಡುಪಿಗೆ ವಾಪಸ್ ಬರಬಹುದೇ? ಊಟದ ಬಗ್ಗೆಯೂ ಹೇಳಿ.

ತ್ರಾಸಿ ತಿರುವು
ಬೇಡ ಮಾರಾಯ್ರೆ. ಉಡುಪಿ–ಮುರ್ಡೇಶ್ವರ ನೂರು ಕಿಮೀ ಮೇಲಾಯಿತು, ಹೋಗಿಬರಲು ಇನ್ನೂರು. ಬರುವಷ್ಟರಲ್ಲಿ ಕತ್ತಲು. ಹೆದ್ದಾರಿಯಲ್ಲಿ ರಾತ್ರಿ ದನ ಮಲಗಿರುತ್ತವೆ, ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಲೈಟಿಲ್ಲದ ಗಾಡಿ ಬರುತ್ತದೆ. ಒತ್ತಿನೆಣೆಯಲ್ಲೇ ತಿರುಗಿ, ಅದೇ 145 ಕಿಮೀ ಆಗುತ್ತದೆ. ಸೂರ್ಯಾಸ್ತ ಅಲ್ಲಿ ನೋಡಿದರೂ ರಾತ್ರಿ ಸವಾರಿ ತಪ್ಪದು. ಹಾಗಾಗಿ ಮಧ್ಯಾಹ್ನ ಒತ್ತಿನೆಣೆ, ಸಂಜೆ ಮರವಂತೆ ಅಥವಾ ಕೋಡಿ ಎಂದು ತಿರುಗಿಸಿಕೊಳ್ಳಿ. ಕೋಡಿಯಿಂದ ಉಡುಪಿಗೆ ಒಂದು ಗಂಟೆ ಸಾಕು.

ಮುರ್ಡೇಶ್ವರ ನೋಡಲೇಬೇಕಿದ್ದರೆ ಶನಿವಾರ ರೈಲಿನಲ್ಲಿ ಗೋಕರ್ಣಕ್ಕೆ ಹೋಗುವಾಗ ಅಲ್ಲಿ ಇಳಿದು, 123 ಅಡಿಯ ಶಿವನನ್ನೂ ಗೋಪುರವನ್ನೂ ನೋಡಿ, ಮಧ್ಯಾಹ್ನದ ಬಸ್ಸಿನಲ್ಲಿ ಮುಂದುವರಿಯಿರಿ.

ಊಟ: ಗುರುವಾರ ಉಡುಪಿ ಮಠದಲ್ಲಿ. ಶುಕ್ರವಾರ ಕುಂಭಾಶಿಯ ಆನೆಗುಡ್ಡೆಯಲ್ಲಿ, ಹೆದ್ದಾರಿಗೆ ಹತ್ತಿಕೊಂಡೇ ಇದೆ. ಮಧ್ಯಾಹ್ನದ ಪಂಕ್ತಿ ತಪ್ಪದಂತೆ ಹನ್ನೆರಡೂವರೆಗೆ ಅಲ್ಲಿರಿ. ಬೆಳಿಗ್ಗೆ ಬನ್ಸ್, ನೀರುದೋಸೆ, ಸಂಜೆ ಗೋಳಿಬಜೆ. ಬಸ್ ಸ್ಟ್ಯಾಂಡ್ ಪಕ್ಕದ ಸಣ್ಣ ಹೋಟೆಲುಗಳಲ್ಲಿ ತಿನ್ನಿ. ಮೀನೂಟಕ್ಕೆ ಕೂರುವ ಮುಂಚೆ ಊಟಕ್ಕೆಷ್ಟು, ಫ್ರೈಗೆಷ್ಟು ಎಂದು ಬೇರೆ ಬೇರೆ ಕೇಳಿ. ಊಟದ ದರ ಹಗುರ ಇರುತ್ತದೆ, ಬಿಲ್ಲು ಏರುವುದು ಅಂಜಲ್ ಫ್ರೈಯಲ್ಲಿ. ಬಂಗುಡೆ, ಭೂತಾಯಿ ರುಚಿಯಲ್ಲಿ ಕಡಿಮೆಯೇನಲ್ಲ.

ಪಡುಗಾಳಿ
ಡಿಸೆಂಬರ್ ಎಂದರೆ ಯಕ್ಷಗಾನದ ಕಾಲ. ಹರಕೆ ಆಟಕ್ಕೆ, ಅಂದರೆ ಭಕ್ತರು ಹರಕೆಯಾಗಿ ಆಡಿಸುವ ಯಕ್ಷಗಾನಕ್ಕೆ, ಟಿಕೆಟ್ ಇಲ್ಲ. ಮಂದಾರ್ತಿ ಮೇಳದ ಆಟ ಇವತ್ತು ಯಾವ ಊರಲ್ಲಿ ಎಂದು ಬ್ರಹ್ಮಾವರ ಕಡೆಯ ಅಂಗಡಿಯಲ್ಲಿ ಕೇಳಿದರೆ ಹೇಳುತ್ತಾರೆ. ದುಡ್ಡು ಕೊಟ್ಟು ನೋಡುವ ಯಾವ ಸಂಜೆಯ ಕಾರ್ಯಕ್ರಮಕ್ಕಿಂತಲೂ ಇದು ಮೇಲು. ಉಡುಪಿಯ ಹತ್ತಿರ ಆಟ ಇದ್ದರೆ ಮಾತ್ರ ಹೋಗಿ.

ದಾವಣಗೆರೆ ಬೆಣ್ಣೆ
ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗದವರಿಗೂ ರೈಲೇ ಸರಿಯಾ? ಮಳೆಗಾಲದಲ್ಲಿ ರೂಮು ಅರ್ಧ ದರ ಅಂತಾರೆ, ಜುಲೈನಲ್ಲಿ ಹೋದರೆ ಹೇಗೆ?

ಲೆಕ್ಕದ ಪುಸ್ತಕ
ಇಲ್ಲ, ನಿಮಗೆ ಸ್ವಂತ ಬೈಕೇ ಸರಿ. ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಅಂಕೋಲಾ 140 ಕಿಮೀ ಹತ್ತಿರ, ಮಧ್ಯಾಹ್ನಕ್ಕೆ ಕಡಲು. ಶಿವಮೊಗ್ಗದವರು ಆಗುಂಬೆ ಇಳಿದರೆ ಉಡುಪಿ, ಆ 14 ತಿರುವುಗಳಲ್ಲಿ ಭಾರದ ವಾಹನ ಬಿಡುವುದಿಲ್ಲವಾದ್ದರಿಂದ ಬೈಕಿಗೆ ನೆಮ್ಮದಿ. ಬಾಡಿಗೆಯ 1,600 ಪೂರ್ತಿ ಉಳಿಯಿತು. ಹುಬ್ಬಳ್ಳಿಯವರು ಮೊದಲ ದಿನ ಹೆದ್ದಾರಿಯಲ್ಲೇ ಕುಂದಾಪುರಕ್ಕೆ ಹೋಗಿ, ಅಲ್ಲಿಂದ ನಿಧಾನವಾಗಿ ಮೇಲಕ್ಕೆ ಬನ್ನಿ. ಕಡಲು ಎಡಕ್ಕೆ ಸಿಗುತ್ತದೆ.

ಅಘನಾಶಿನಿ ದಡ
ಜುಲೈ ಬೇಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿಯೇ ಕೊಚ್ಚಿಹೋಯಿತು, ಜನ ಸತ್ತರು. ಚತುಷ್ಪಥಕ್ಕೆ ಗುಡ್ಡ ಕತ್ತರಿಸಿದ ಕಡೆ ಜೋರು ಮಳೆಗೆ ಮಣ್ಣು ಸಡಿಲುತ್ತದೆ. ಅದೇ ವರ್ಷ ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆಯೂ ಬಿತ್ತು. ಅಂದಹಾಗೆ ಟೋಲ್ ಇರುವ ಶಿರೂರು ಬೈಂದೂರಿನದು, ಇದು ಬೇರೆ. ಮಳೆಯ ಸುದ್ದಿ ಓದುವಾಗ ತಾಲ್ಲೂಕು ನೋಡಿಕೊಳ್ಳಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ಮೀನು ದುಬಾರಿ. ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇಲ್ಲ, ಕಡಲಿಗೆ ಇಳಿಯಲು ಬಿಡುವುದಿಲ್ಲ. ರೂಮಿನಲ್ಲಿ ಉಳಿದ ಐನೂರಕ್ಕೆ ಏನೂ ಸಿಗುವುದಿಲ್ಲ. ಅಗ್ಗವೂ ಹಸಿರೂ ಎರಡೂ ಬೇಕಿದ್ದರೆ ಅಕ್ಟೋಬರ್ ಕೊನೆ ಅಥವಾ ನವೆಂಬರ್, ವಾರದ ನಡುವೆ. ಡಿಸೆಂಬರ್ 20ರಿಂದ ಜನವರಿ 2 ಮತ್ತು ಶಿವರಾತ್ರಿ ಹೊತ್ತಿಗೆ ಗೋಕರ್ಣದಲ್ಲಿ ನಮ್ಮ ಈ ಸಾವಿರದ ಲೆಕ್ಕ ನಡೆಯದು.

ರಾಜಾಜಿನಗರ ರೈಡರ್
ರೈಲಿನ ಯೋಜನೆಯೇ ಗಟ್ಟಿ. ಕೊನೆಯ ಪ್ರಶ್ನೆ: ಭಾನುವಾರ ದೋಣಿ ದಾಟಿ ಬಂದು, ಸ್ಕೂಟರ್ ಒಪ್ಪಿಸಿ, ಸಂಜೆಯ ರೈಲಿಗೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?

ಅಘನಾಶಿನಿ ದಡ
ರೈಲಿನ ಸಮಯಕ್ಕಿಂತ ಮೂರು ಗಂಟೆ ಮೊದಲು ತದಡಿ ದಡದಲ್ಲಿರಿ. ಗೋಕರ್ಣಕ್ಕೆ ಅರ್ಧ ಗಂಟೆ, ಸ್ಕೂಟರ್ ಒಪ್ಪಿಸಿ ಬ್ಯಾಗು ತೆಗೆಯಲು ಮುಕ್ಕಾಲು ಗಂಟೆ, ಸ್ಟೇಷನ್ನಿಗೆ ಹತ್ತು ಕಿಮೀ, ಅದಕ್ಕೆ ಅರ್ಧ ಗಂಟೆ. ಉಳಿದದ್ದು ಕೈಯಲ್ಲಿರಲಿ, ಭಾನುವಾರ ಊರಿನ ರಥಬೀದಿಯಲ್ಲಿ ಆಟೋ ಅಲುಗುವುದಿಲ್ಲ. ಆಟೋವನ್ನು ಬೆಳಿಗ್ಗೆಯೇ ಮಾತಾಡಿಟ್ಟುಕೊಳ್ಳಿ. ಸ್ಟೇಷನ್ ಸುತ್ತ ಊಟ ಸಿಗುವುದು ಕಷ್ಟ, ರಾತ್ರಿಗೆ ಗೋಕರ್ಣದಲ್ಲೇ ಕಟ್ಟಿಸಿಕೊಳ್ಳಿ.